ದ್ವಾರಪಾಲಕನಿಲ್ಲದ ಬಾಗಿಲು

ಕಚೇರಿಯೊಂದರಲ್ಲಿ ನೂರು ಮೇಜುಗಳಿದ್ದರೆ ನೂರು ಟೆಲಿಫೋನುಗಳೂ ಇರಬಹುದು. ಆದರೆ ಊರಿನ ಎಕ್ಸ್‌ಚೇಂಜಿನಿಂದ ಅಲ್ಲಿಗೆ ಬರುವ ತಂತಿಗಳು ಹತ್ತೋ ಹದಿನೈದೋ ಇದ್ದರೆ ಸಾಕು. ಹೊರಗಿನವನ ಕರೆ ಒಳಗಿನ ಯಾವ ಮೇಜಿಗೆ ಸೇರತಕ್ಕದ್ದೆಂಬುದನ್ನು ಯಾರಾದರೂ ನಿರ್ಣಯಿಸಬೇಕಷ್ಟೆ. ಆ ನಿರ್ಣಯದ ಅಧಿಕಾರ ಯಾರದೆಂಬುದು ಯಂತ್ರಶಾಸ್ತ್ರದ ಪ್ರಶ್ನೆಯಾಗಿ ತೋರಿದರೂ ಅದರ ಬೇರು ಧರ್ಮವಿಚಾರದಲ್ಲಿದೆ.

ಮೊದಲು ಈ ಅಧಿಕಾರ ಸ್ವಿಚ್‌ಬೋರ್ಡಿನ ಮುಂದೆ ಕುಳಿತ ಆಪರೇಟರಿನದಾಗಿತ್ತು. ಆಕೆ ಹೆಸರು ಕೇಳಿ ತಂತಿ ಜೋಡಿಸುವಳು. ಬೇಡವಾದರೆ ‘ಸಾಹೇಬರಿಲ್ಲ’ ಎನ್ನುವಳು. ಅಮೆರಿಕಾದ ಕಾನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವೃತ್ತಿ ನಡೆಸುತ್ತಿದ್ದ ಆಲ್ಮನ್ ಸ್ಟ್ರೌಜರ್ ಎಂಬಾತನಿಗೆ, ತನಗೆ ಬರಬೇಕಾದ ಕರೆಗಳು ಆಪರೇಟರಿನ ಕೈಯಲ್ಲಿ ಪ್ರತಿಸ್ಪರ್ಧಿಯ ಕಡೆಗೆ ತಿರುಗುತ್ತಿವೆಯೆಂಬ ಶಂಕೆ ಹುಟ್ಟಿತೆಂದು ಪ್ರತೀತಿ. ಶಂಕೆ ನಿಜವೋ ಸುಳ್ಳೋ, ಫಲ ಮಾತ್ರ ದೊಡ್ಡದಾಯಿತು. 1891ರಲ್ಲಿ ಆತನು ಮನುಷ್ಯನ ನೆರವಿಲ್ಲದೆ ತಂತಿ ಕೂಡಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. 1892ರಲ್ಲಿ ಇಂಡಿಯಾನಾ ಸಂಸ್ಥಾನದ ಲಾ ಪೋರ್ಟ್ ಎಂಬ ಊರಿನಲ್ಲಿ ಅಂಥ ಎಕ್ಸ್‌ಚೇಂಜು ತೆರೆಯಿತು. ಯಂತ್ರಕ್ಕೆ ನಂಟರಿಲ್ಲ, ಇಷ್ಟರಿಲ್ಲ.

ಆ ಯುಕ್ತಿಯೇ ಬೆಳೆದು ಕಚೇರಿಯ ಒಳಕ್ಕೂ ಬಂದಿತು. ಈಗ ಹೊರಗಿನವನು ಒತ್ತಿದ ಸಂಖ್ಯೆಯ ಕೊನೆಯ ಅಂಕಿಗಳನ್ನು ಊರಿನ ಎಕ್ಸ್‌ಚೇಂಜು ಕಚೇರಿಯ ಯಂತ್ರಕ್ಕೆ ಒಪ್ಪಿಸುತ್ತದೆ. ಅದು ನೆಟ್ಟಗೆ ಅದೇ ಮೇಜಿನ ಗಂಟೆಯನ್ನು ಬಾರಿಸುತ್ತದೆ. ಪಕ್ಷಪಾತ ನೀಗಿತೆನ್ನುವುದು ಸುಲಭ. ಆದರೆ ಆ ಸಂಖ್ಯೆಯನ್ನು ಬಲ್ಲವರಾರು? ಅಧಿಕಾರಿಯ ಸ್ನೇಹಿತರು, ಗುತ್ತಿಗೆದಾರರು. ಗಂಡನ ಪಿಂಚಣಿ ನಿಂತುಹೋದ ವಿಧವೆಗೆ ತಿಳಿದಿರುವುದು ಕಾಗದದ ತಲೆಯ ಮೇಲೆ ಅಚ್ಚಾದ ಒಂದೇ ಸಂಖ್ಯೆ. ಅಲ್ಲಿ ಮುದ್ರಿತ ಧ್ವನಿಯೊಂದು ‘ಒಂದನ್ನು ಒತ್ತಿ, ಎರಡನ್ನು ಒತ್ತಿ’ ಎನ್ನುತ್ತಲೇ ಇರುತ್ತದೆ. ಆಪರೇಟರು ಒರಟಾಗಿದ್ದಿರಬಹುದು, ಆದರೂ ಆಕೆಗೆ ಅಳು ಕೇಳಿಸುತ್ತಿತ್ತು. ಯಾವ ಮೇಜೆಂದು ಅರಿಯದವಳಿಗೆ ಮೇಜನ್ನು ಹುಡುಕಿಕೊಡುವ ಬುದ್ಧಿಯೂ ಆಕೆಗಿತ್ತು.

ಒಳಗಿನವನ ಕಷ್ಟವೂ ಸುಳ್ಳಲ್ಲ. ಲೆಕ್ಕದ ನಡುವೆ ಹತ್ತು ಸಲ ಗಂಟೆ ಬಾರಿಸಿದರೆ ಲೆಕ್ಕ ಕೆಡುವುದು. ಕೆಟ್ಟ ಲೆಕ್ಕದ ನಷ್ಟ ಮತ್ತೆ ಆ ವಿಧವೆಗೇ. ಮೇಲಾಗಿ ಕಳ್ಳರ ಕಾಟ: ಒಳಬಂದ ಕರೆಗೆ ಮರಳಿ ಹೊರಗಿನ ತಂತಿ ದೊರೆಯುವಂತೆ ಏರ್ಪಡಿಸಿದ ಯಂತ್ರಗಳಲ್ಲಿ, ಗುಪ್ತಸಂಖ್ಯೆಯನ್ನು ಊಹಿಸಿ ದೂರದೇಶಗಳೊಡನೆ ಮಾತನಾಡಿ ಹಣದ ಭಾರವನ್ನು ಕಚೇರಿಯ ಮೇಲೆ ಹೊರಿಸುವವರುಂಟು. ಆದಕಾರಣ ಎಲ್ಲ ಬಾಗಿಲುಗಳೂ ಎಲ್ಲರಿಗೂ ತೆರೆದಿರಲೆಂಬ ವಾದ ನಿಲ್ಲಲಾರದು.

ಆದರೆ ವಿಧವೆಯ ಅರ್ಜಿಯನ್ನು ನೋಡತಕ್ಕ ಮೇಜಿನ ಸಂಖ್ಯೆಯನ್ನು ಆಕೆಗೆ ಕಳುಹಿಸುವ ಕಾಗದದ ಮೇಲೆಯೇ ಅಚ್ಚುಹಾಕಲು ಯಾವ ಯಂತ್ರವೂ ಅಡ್ಡಬರುವುದಿಲ್ಲ. ಹಾಗೆ ಅಚ್ಚುಹಾಕಿದ ಮೇಲೂ, ಮಧ್ಯಾಹ್ನ ಎರಡು ಗಂಟೆಗೆ ಆ ಮೇಜಿನ ಬಳಿ ಕೈಚಾಚಿ ಟೆಲಿಫೋನನ್ನು ಎತ್ತುವವನೊಬ್ಬನು ಕುಳಿತಿರಬೇಕು.