ಹಳೆಯ ಕಾರು, ಹೊಸ ಮಾಲೀಕ: ದೋಷ ಮತ್ತು ಹೊಣೆಯ ಪ್ರಶ್ನೆ

ಐಷಾರಾಮಿ ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ಅದನ್ನು ಸಾಕುವ ಖರ್ಚು ಇಳಿಯುವುದಿಲ್ಲ. 2002ರಿಂದ 2009ರವರೆಗೆ ತಯಾರಾದ ಮರ್ಸಿಡಿಸ್-ಬೆಂಜ್ ಇ-ಕ್ಲಾಸ್, ಅಂದರೆ ಕಂಪನಿಯ ಸಂಕೇತದಲ್ಲಿ ಡಬ್ಲ್ಯೂ211, ತನ್ನ ಕಾಲದಲ್ಲಿ ಸಿರಿವಂತರ ಮನೆಯ ಗಾಡಿ. ಇಂದು ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅದು ಹೊಸ ಸಣ್ಣ ಕಾರಿನ ಬೆಲೆಗೆ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆಗೆ ಸಿಗುತ್ತದೆ. ಆದರೆ ಅದರ ಬ್ರೇಕು, ಗೇರ್‌ಬಾಕ್ಸು, ಸಸ್ಪೆನ್ಷನ್ನಿನ ಬಿಡಿಭಾಗಗಳಿಗೆ ತೆರಬೇಕಾದದ್ದು ದೊಡ್ಡ ಕಾರಿನ ದರವನ್ನೇ. ಅಗ್ಗಕ್ಕೆ ಸಿಕ್ಕಿತೆಂದು ತಂದ ಆನೆಯೂ ತಿನ್ನುವುದು ಆನೆಯಷ್ಟೇ.

ಲೆಕ್ಕಪತ್ರದ ಈ ವಿಷಯದೊಳಗೆ ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿದ ಪ್ರಶ್ನೆಯೊಂದು ಅಡಗಿದೆ. ತಾನು ಮಾಡದ ಕೆಲಸದ ಫಲವನ್ನು ಒಬ್ಬರು ಯಾವ ನ್ಯಾಯದಿಂದ ಉಣ್ಣಬೇಕು? ಹಿಂದಿನ ಮಾಲೀಕರು ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಲಿಲ್ಲ. ಅದರ ದಂಡ ತೆರುವವರು ಈಗಿನ ಮಾಲೀಕರು. ಇದನ್ನು ದುರದೃಷ್ಟ ಎಂದು ಕೈಬಿಡಬಹುದು, ಮೋಸ ಎಂದು ಸಿಟ್ಟಾಗಬಹುದು. ಎರಡೂ ಪ್ರಶ್ನೆಯನ್ನು ಬಿಡಿಸುವುದಿಲ್ಲ.

ಆಸ್ತಿಪಾಸ್ತಿಯ ತೊಡಕುಗಳನ್ನು ಅತ್ಯಂತ ನಿಖರವಾಗಿ ವಿಂಗಡಿಸಿದ್ದು ಸಾಂಖ್ಯ ದರ್ಶನ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ತನ್ನ 50ನೆಯ ಕಾರಿಕೆಯಲ್ಲಿ ಒಂಬತ್ತು ತುಷ್ಟಿಗಳನ್ನು ಎಣಿಸುತ್ತದೆ. ಅವುಗಳಲ್ಲಿ ಐದು, ಹೊರಗಿನ ವಸ್ತುಗಳಿಂದ ಮನಸ್ಸು ಹಿಂದೆ ಸರಿದಾಗ ಉಂಟಾಗುವ ಸಮಾಧಾನಗಳು. ಹಾಗೆ ಹಿಂದೆ ಸರಿಯಲು ಕಾರಣವಾಗುವ ಐದು ದೋಷಗಳನ್ನು ವಾಚಸ್ಪತಿ ಮಿಶ್ರ ತನ್ನ ವ್ಯಾಖ್ಯಾನದಲ್ಲಿ ಹೆಸರಿಸುತ್ತಾನೆ: ಅರ್ಜನ, ರಕ್ಷಣ, ಕ್ಷಯ, ಭೋಗ, ಹಿಂಸೆ. ವಸ್ತುವನ್ನು ಗಳಿಸುವುದು ಕಷ್ಟ, ಗಳಿಸಿದ್ದನ್ನು ಕಾಯುವುದು ಕಷ್ಟ, ಕಾದರೂ ಅದು ಸವೆಯುತ್ತದೆ, ಅನುಭವಿಸಿದಷ್ಟೂ ಆಸೆ ಬೆಳೆಯುತ್ತದೆ, ಇನ್ನೊಂದು ಜೀವಕ್ಕೆ ನೋವಾಗದೆ ಭೋಗವಿಲ್ಲ. ಹಳೆಯ ಐಷಾರಾಮಿ ಕಾರಿನ ವಿಶೇಷವೆಂದರೆ, ಇವುಗಳಲ್ಲಿ ಮೊದಲನೆಯದು ಮಾತ್ರ ಅಲ್ಲಿ ಹಗುರವಾಗಿರುತ್ತದೆ. ಅರ್ಜನ ಸುಲಭವಾದ್ದರಿಂದಲೇ ಜನ ಮರುಳಾಗುತ್ತಾರೆ. ಉಳಿದ ನಾಲ್ಕು ಪೂರ್ತಿ ತೂಕದಲ್ಲಿ ಹಿಂದೆಯೇ ಬರುತ್ತವೆ.

ಅರ್ಜನ ಸುಲಭ ಎಂದರೂ ಅಲ್ಲಿ ತಿಳಿವಿನ ಸಮಸ್ಯೆಯೊಂದಿದೆ. ಕಾರಿನ ಹಿಂದಿನ ಬದುಕು ಕೊಳ್ಳುವವರ ಕಣ್ಣೆದುರು ನಡೆದದ್ದಲ್ಲ. ನ್ಯಾಯ ದರ್ಶನದವರಾದ ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಪ್ರತ್ಯಕ್ಷಕ್ಕೆ ಸಿಗುವುದು ತೀರ ಅಲ್ಪ. ಮಾರುವವರ ಮಾತು ಶಬ್ದಪ್ರಮಾಣ, ಅಂದರೆ ನಂಬಬಹುದಾದ ಸಾಕ್ಷಿ, ಆಗಬೇಕಾದರೆ ಅವರು ಆಪ್ತರಾಗಿರಬೇಕು, ಅಂದರೆ ಕಂಡದ್ದನ್ನು ಕಂಡಂತೆ ಹೇಳುವ ಮನಸ್ಸುಳ್ಳವರಾಗಿರಬೇಕು. ಮಾರಾಟದಲ್ಲಿ ಲಾಭವಿರುವವರಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಉಳಿಯುವುದು ಅನುಮಾನ, ಅಂದರೆ ಕಂಡ ಗುರುತಿನಿಂದ ಕಾಣದ್ದನ್ನು ಊಹಿಸುವುದು. ಮೀಟರ್ 45,000 ಕಿಲೋಮೀಟರ್ ತೋರಿಸುತ್ತಿರುತ್ತದೆ. ಆದರೆ ಬ್ರೇಕ್ ಪೆಡಲ್ಲಿನ ರಬ್ಬರಿನ ಗೆರೆಗಳು ಒಂದು ಬದಿಯಲ್ಲಿ ಸವೆದು ನುಣುಪಾಗಿವೆ, ಸ್ಟೇರಿಂಗಿನ ಚರ್ಮ ಕೈ ಹಿಡಿಯುವ ಜಾಗದಲ್ಲಿ ಹೊಳೆಯುತ್ತಿದೆ, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು ಹತ್ತಿ ಇಳಿದು ಬಿರಿದಿದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವ ತರ್ಕವೇ ಇಲ್ಲೂ ಕೆಲಸ ಮಾಡುತ್ತದೆ: ಇಷ್ಟು ಸವೆತ ಅಷ್ಟು ಕಡಿಮೆ ಓಟದಿಂದ ಆಗದು. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯೂ ಸಾಕ್ಷಿ ಹೇಳುತ್ತದೆ. 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು.

ಆದ್ದರಿಂದಲೇ ಬಲ್ಲ ಮೆಕ್ಯಾನಿಕ್‌ಗಳು ಹಳೆಯ ಕಾರು ಕೈಸೇರಿದ ಕೂಡಲೇ, ಯಾರು ಏನೇ ಹೇಳಿರಲಿ, ಎಂಜಿನ್ ಆಯಿಲ್, ಗೇರ್ ಆಯಿಲ್, ಬ್ರೇಕ್ ಆಯಿಲ್, ಕೂಲಂಟ್, ಫಿಲ್ಟರುಗಳನ್ನು ಬದಲಿಸಿಬಿಡುತ್ತಾರೆ. ಸಂಶಯ ಪರಿಹಾರಕ್ಕೆ ಇದಕ್ಕಿಂತ ನೇರ ದಾರಿಯಿಲ್ಲ. ಇತಿಹಾಸ ತಿಳಿಯದ ವಸ್ತುವಿಗೆ ಆ ದಿನದಿಂದ ಹೊಸ ಇತಿಹಾಸವೊಂದು ಶುರುವಾಗುತ್ತದೆ.

ರಕ್ಷಣ ಎಂಬುದು ಐದರಲ್ಲಿ ಅತಿ ದೊಡ್ಡ ಭಾಗ, ಮತ್ತು ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು ಮೊದಲು ಎಂಬ ತೀರ್ಮಾನ. ಹೊಸ ಮಾಲೀಕರ ಕೈ ಸಾಮಾನ್ಯವಾಗಿ ಮೊದಲು ಹೋಗುವುದು ಕಣ್ಣಿಗೆ ಕಾಣುವುದರ ಕಡೆಗೆ: ಬಣ್ಣದ ಪಾಲಿಶ್, ಸೀಟಿನ ಚರ್ಮ, ಡ್ಯಾಶ್‌ಬೋರ್ಡಿನ ಮರ. ಧರ್ಮದ ದೃಷ್ಟಿಯಿಂದ ಈ ಕ್ರಮ ತಲೆಕೆಳಗು. ಬ್ರೇಕು, ಟೈರು, ಸ್ಟೇರಿಂಗು, ದೀಪಗಳು ಕೆಟ್ಟರೆ ಅಪಾಯ ಮಾಲೀಕರಿಗಷ್ಟೇ ಅಲ್ಲ, ರಸ್ತೆ ದಾಟುವ ಮಗುವಿಗೂ ಇದೆ. ಆ ಮಗು ಕಾರು ಕೊಳ್ಳುವ ತೀರ್ಮಾನದಲ್ಲಿ ಪಾಲುದಾರನಲ್ಲ. ಅವು ಮೊದಲು. ಒಂದು ಕೆಟ್ಟರೆ ಇನ್ನೊಂದನ್ನೂ ಕೆಡಿಸುವಂಥವು ಎರಡನೆಯವು: ಸೋರುವ ಕೂಲಂಟ್ ಹೋಸ್ ಇಡೀ ಎಂಜಿನ್ನನ್ನು ಬಲಿ ತೆಗೆದುಕೊಳ್ಳಬಲ್ಲದು. ಸುಖಕ್ಕಾಗಿ ಇರುವಂಥವು ಕೊನೆಗೆ. ಸನ್‌ರೂಫ್ ತೆರೆಯದಿದ್ದರೆ ಯಾರೂ ಸಾಯುವುದಿಲ್ಲ.

ರಕ್ಷಣೆಗೆ ಭಕ್ತಿ ಸಾಲದು, ತಿಳಿವಳಿಕೆಯೂ ಬೇಕು. ಕರ್ನಾಟಕದಲ್ಲಿ ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್ ಮಾಡುವ ಕಡೆ ಗಾಡಿಗಳು ಸಾಲುಗಟ್ಟುತ್ತವೆ. ಬಾನೆಟ್ ಎತ್ತಿ ಎಂಜಿನ್ನಿಗೂ ರಭಸದ ನೀರು ಹೊಡೆಸುವ ರೂಢಿಯಿದೆ. ಹದಿನೈದು ವರ್ಷ ಬಿಸಿಯಲ್ಲಿ ಬೆಂದ ವೈರಿನ ಕನೆಕ್ಟರುಗಳಲ್ಲಿ ರಬ್ಬರ್ ಸೀಲು ಗಟ್ಟಿಯಾಗಿ ಕುಗ್ಗಿರುತ್ತದೆ. ನೀರು ಒಳಹೊಕ್ಕು, ಮರುದಿನ ಕುಂಬಳಕಾಯಿ ಒಡೆಯುವ ಹೊತ್ತಿಗೆ ಎಚ್ಚರಿಕೆಯ ದೀಪಗಳು ಉರಿಯತೊಡಗಬಹುದು. ಪೂಜಿಸುವ ವಸ್ತುವಿನ ಸ್ವಭಾವ ಅರಿಯುವುದೂ ಪೂಜೆಯ ಅಂಗವೇ. ಇಂಥ ಕಾರಿನ ಎಂಜಿನ್ನನ್ನು ಒದ್ದೆ ಬಟ್ಟೆಯಿಂದ ಒರೆಸಿ ಅರಿಶಿನ ಕುಂಕುಮ ಹಚ್ಚಿದರೆ ಶಾಸ್ತ್ರಕ್ಕೂ ಲೋಪವಿಲ್ಲ, ವೈರಿಗೂ ಕೇಡಿಲ್ಲ.

ಕ್ಷಯದ ವಿಷಯದಲ್ಲಿ ತಯಾರಕರ ಒಂದು ಭರವಸೆ ಬಹಳ ಜನರ ದಾರಿ ತಪ್ಪಿಸಿದೆ. ಮರ್ಸಿಡಿಸ್ 1996ರಲ್ಲಿ ತಂದ 722.6 ಎಂಬ ಐದು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ ಅದರ ಜೀವಮಾನಕ್ಕೆಲ್ಲ ಸಾಕು ಎಂದು ಮೊದಲಿಗೆ ಹೇಳಲಾಗಿತ್ತು. ಮುಂದೆ ಕಂಪನಿಯೇ ಅದನ್ನು ಬದಲಿಸಬೇಕಾದ ಅವಧಿಯನ್ನು ಸೂಚಿಸಿತು. ಈ ಗೇರ್‌ಬಾಕ್ಸಿಗೆ ವೈರ್ ಹೋಗುವಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಕನೆಕ್ಟರೊಂದಿದೆ. ಅದರ ರಬ್ಬರ್ ಬಳೆಗಳು ವಯಸ್ಸಾಗಿ ಬಿಗಿ ಕಳೆದುಕೊಂಡಾಗ ಆಯಿಲ್ ವೈರಿನೊಳಗಿನ ತಂತಿಗಳ ನಡುವೆ ತೆವಳಿ, ದೂರದಲ್ಲಿರುವ ಕಂಟ್ರೋಲ್ ಯೂನಿಟ್ಟಿನವರೆಗೂ ಹೋಗಿ ತಲುಪುತ್ತದೆ. ಅಗ್ಗದ ಪ್ಲಾಸ್ಟಿಕ್ ತುಂಡೊಂದನ್ನು ಹೊತ್ತಿಗೆ ಬದಲಿಸದ ತಪ್ಪಿಗೆ ದುಬಾರಿ ಯೂನಿಟ್ಟು ಹಾಳಾಗುತ್ತದೆ. ನಿತ್ಯ ಎಂದುಕೊಂಡದ್ದೆಲ್ಲ ಹೀಗೆ ಯಾವುದೋ ಸಣ್ಣ ಸಂದಿಯಿಂದ ಸೋರತೊಡಗುತ್ತದೆ.

ಓಡಿಸದೆ ನಿಲ್ಲಿಸಿದರೂ ಕ್ಷಯ ನಿಲ್ಲುವುದಿಲ್ಲ. 1998ರಿಂದ 2005ರವರೆಗೆ ತಯಾರಾದ ಎಸ್-ಕ್ಲಾಸಿನ ಏರ್‌ಮ್ಯಾಟಿಕ್ ಸಸ್ಪೆನ್ಷನ್ನಿನಲ್ಲಿ ಉಕ್ಕಿನ ಸ್ಪ್ರಿಂಗಿಗೆ ಬದಲಾಗಿ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಸಂಜೆ ಸಮನಾಗಿ ನಿಂತಿದ್ದ ಕಾರು ಬೆಳಿಗ್ಗೆ ಮುಂದಿನ ಒಂದು ಮೂಲೆ ಕುಸಿದು ನಿಂತಿರುತ್ತದೆ: ಚೀಲದ ಮಡಿಕೆಯಲ್ಲಿ ಎಲ್ಲೋ ಸಣ್ಣ ಬಿರುಕು. ಎಂಜಿನ್ ಚಾಲೂ ಆದ ಮೇಲೆ ಕಂಪ್ರೆಸರ್ ಗಾಳಿ ತುಂಬಿ ಎತ್ತುತ್ತದೆ, ನೋಡುವವರಿಗೆ ಎಲ್ಲ ಸರಿಯಾದಂತೆ ಕಾಣುತ್ತದೆ. ಸೋರಿದ್ದನ್ನು ತುಂಬಲು ಮತ್ತೆ ಮತ್ತೆ ಓಡಿದ ಕಂಪ್ರೆಸರ್ ಒಂದು ದಿನ ಸುಟ್ಟುಹೋಗುತ್ತದೆ. ಚೀಲದ ಖರ್ಚಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಕಂಪ್ರೆಸರೂ ಸೇರುತ್ತದೆ.

ಡಬ್ಲ್ಯೂ211ರ ಮೊದಲ ವರ್ಷಗಳ ಕಾರುಗಳಲ್ಲಿದ್ದ ಸೆನ್ಸೊಟ್ರಾನಿಕ್ ಬ್ರೇಕ್ ವ್ಯವಸ್ಥೆ ಕ್ಷಯವನ್ನು ಅಕ್ಷರಶಃ ಎಣಿಸುತ್ತಿತ್ತು. ವಿದ್ಯುತ್ ಪಂಪಿನಿಂದ ಒತ್ತಡ ಪಡೆಯುವ ಆ ಘಟಕ ಬ್ರೇಕ್ ಒತ್ತಿದ ಲೆಕ್ಕವನ್ನು ತನ್ನೊಳಗೆ ಇಟ್ಟುಕೊಂಡು, ನಿಗದಿತ ಸಂಖ್ಯೆ ಮುಗಿದಾಗ ತನ್ನನ್ನು ಬದಲಿಸುವಂತೆ ಎಚ್ಚರಿಸುತ್ತದೆ. 2004ರಲ್ಲಿ ಕಂಪನಿ ಸುಮಾರು 6.8 ಲಕ್ಷ ಕಾರುಗಳನ್ನು ಈ ವ್ಯವಸ್ಥೆಯ ತಪಾಸಣೆಗಾಗಿ ವಾಪಸ್ ಕರೆಸಿತು. 2006ರ ಪರಿಷ್ಕೃತ ಮಾದರಿಯಲ್ಲಿ ಮಾಮೂಲಿ ಹೈಡ್ರಾಲಿಕ್ ಬ್ರೇಕಿಗೆ ಮರಳಿತು. ಜೈನರು ಹೇಳುವ ಆಯುಕರ್ಮದಲ್ಲಿ ಒಂದು ಜನ್ಮದ ಆಯುಷ್ಯ ಮೊದಲೇ ಕಟ್ಟಲ್ಪಟ್ಟಿರುತ್ತದೆ, ಸವೆಸಿ ಮುಗಿಸುವುದಷ್ಟೇ ಉಳಿದಿರುತ್ತದೆ. ಈ ಪಂಪಿನಲ್ಲೂ ಆಯುಷ್ಯ ಮೊದಲೇ ಗೊತ್ತಾಗಿದೆ. ವ್ಯತ್ಯಾಸ ಒಂದೇ, ಅದೇ ದೊಡ್ಡದು: ಸವೆಸಿದವರು ಒಬ್ಬರು, ಮುಗಿದಾಗ ಎದುರಿಗಿರುವವರು ಇನ್ನೊಬ್ಬರು.

ಭೋಗದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಕಾರಿನ ಮೌನ ಮತ್ತು ಮೆತ್ತನೆಗೆ ಒಗ್ಗಿದ ಮೈ ಅದಕ್ಕಿಂತ ಮೆತ್ತನೆಯದನ್ನು ಕೇಳುತ್ತದೆ. ಹಿಂಸೆಯ ಮಾತು ಹಾಗಲ್ಲ, ಅದನ್ನು ಸಲೀಸಾಗಿ ದಾಟಿ ಹೋಗುವಂತಿಲ್ಲ. ವಾರಗಟ್ಟಲೆ ನಿಂತ ಕಾರಿನ ಬಾನೆಟ್ಟಿನೊಳಗೆ ಇಲಿ ಗೂಡು ಕಟ್ಟುತ್ತದೆ, ವೈರ್ ಕಡಿಯುತ್ತದೆ, ಮಾಲೀಕರು ಪಾಷಾಣ ಇಡುತ್ತಾರೆ. ಹಳೆಯ ಡೀಸೆಲ್ ಎಂಜಿನ್ನಿನ ಹೊಗೆ ಬೀದಿಬದಿಯಲ್ಲಿ ಹಣ್ಣು ಮಾರುವವರ ಎದೆಗೆ ಹೋಗುತ್ತದೆ. ಹೊಗೆ ತಪಾಸಣೆಯ ಚೀಟಿಯನ್ನು ಕಾರು ತೋರಿಸದೆಯೇ ಪಡೆಯುವುದು ಕಾನೂನಿನ ತಪ್ಪಷ್ಟೇ ಆಗಿ ಉಳಿಯುವುದಿಲ್ಲ. ವಾಚಸ್ಪತಿ ಮಿಶ್ರ ಹೇಳಿದ ಐದನೆಯ ದೋಷಕ್ಕೆ ತಿಳಿದೂ ತಿಳಿದೂ ಒಪ್ಪಿಗೆ ಕೊಟ್ಟಂತೆ.

ಈಗ ಮೊದಲ ಪ್ರಶ್ನೆ. ಮಾಡಿದ ಕರ್ಮ ಫಲ ಕೊಡದೆ ನಾಶವಾಗುವುದು ಕೃತನಾಶ, ಮಾಡದ ಕರ್ಮದ ಫಲ ಬಂದೊದಗುವುದು ಅಕೃತಾಭ್ಯಾಗಮ. ಯಾವ ಸಿದ್ಧಾಂತದಲ್ಲಿ ಈ ಎರಡು ಬರುತ್ತವೋ ಅದು ನಿಲ್ಲಲಾರದು ಎಂದು ಭಾರತೀಯ ದಾರ್ಶನಿಕರು ವಾದಿಸಿದ್ದಾರೆ. ಎಲ್ಲವೂ ಕ್ಷಣಿಕವಾದರೆ ಮಾಡಿದವನು ಬೇರೆ, ಉಣ್ಣುವವನು ಬೇರೆ ಆಗುತ್ತಾನಲ್ಲ ಎಂಬುದು ಬೌದ್ಧರ ಮೇಲೆ ಹೊರಿಸಿದ ಆಕ್ಷೇಪ. ಹಳೆಯ ಕಾರಿನ ಮಾರಾಟದಲ್ಲಿ ಈ ಎರಡೂ ಕಣ್ಣಾರೆ ಕಾಣುತ್ತವೆ: ಅಲಕ್ಷ್ಯ ಮಾಡಿದವರು ಹಣ ಎಣಿಸಿಕೊಂಡು ಹೋದರು, ಕೊಂಡವರು ಗ್ಯಾರೇಜಿನ ಬಿಲ್ಲು ಹಿಡಿದು ನಿಂತರು.

ಬೌದ್ಧರು ಕೊಟ್ಟ ಉತ್ತರ ಮಿಲಿಂದ ಪನ್ಹದಲ್ಲಿದೆ. ಇಂಡೋ-ಗ್ರೀಕ್ ರಾಜ ಮಿಲಿಂದನಿಗೆ ಭಿಕ್ಷು ನಾಗಸೇನ ಮಾವಿನ ಕಳ್ಳನ ದೃಷ್ಟಾಂತ ಹೇಳುತ್ತಾನೆ. ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂದು ಕಳ್ಳ ವಾದಿಸಿದರೂ ಅವನು ಶಿಕ್ಷೆಗೆ ಪಾತ್ರನೇ, ಏಕೆಂದರೆ ಎರಡನೆಯದು ಮೊದಲನೆಯದರಿಂದಲೇ ಹುಟ್ಟಿದ್ದು. ಹೊಣೆಯನ್ನು ಕಟ್ಟಿಹಾಕುವುದು ಬದಲಾಗದ ವಸ್ತುವಲ್ಲ, ಎಳೆ ಕಡಿಯದ ಸಂತತಿ, ಅಂದರೆ ಒಂದರಿಂದ ಇನ್ನೊಂದು ಹುಟ್ಟುತ್ತ ಸಾಗುವ ಸರಣಿ. ಕಾರಿನ ಮಟ್ಟಿಗೆ ಈ ಉತ್ತರ ಅರ್ಧ ಮಾತ್ರ ಸಾಲುತ್ತದೆ, ಏಕೆಂದರೆ ಇಲ್ಲಿ ಸಂತತಿ ವಸ್ತುವಿನಲ್ಲಿದೆ, ಮಾಲೀಕರಲ್ಲಿ ಇಲ್ಲ. ಉಳಿದರ್ಧಕ್ಕೆ ದೋಷ ಮತ್ತು ಹೊಣೆ ಇವೆರಡನ್ನು ಬೇರೆ ಮಾಡಬೇಕಾಗುತ್ತದೆ. ಕೆಟ್ಟ ಆಯಿಲ್ಲಿನ ದೋಷ ಹಿಂದಿನವರದೇ. ಅದು ಆರ್‌ಸಿಯೊಂದಿಗೆ ವರ್ಗಾವಣೆ ಆಗುವುದಿಲ್ಲ. ಆದರೆ ಕೀಲಿ ಕೈಗೆ ಬಂದ ಕ್ಷಣದಿಂದ ಅದನ್ನು ಸರಿಪಡಿಸುವ ಶಕ್ತಿ ಇರುವುದು ಹೊಸಬರೊಬ್ಬರಿಗೇ, ಹಾಗಾಗಿ ಹೊಣೆಯೂ ಅವರದೇ. ತನ್ನ ತಪ್ಪಿಲ್ಲ ಎಂಬುದು ಸವೆದ ಬ್ರೇಕ್ ಪ್ಯಾಡನ್ನು ಹಾಗೆಯೇ ಬಿಡಲು ಕಾರಣವಾಗಲಾರದು.

ಅದೇ ಗ್ರಂಥದ ರಥದ ಪ್ರಸಂಗ ಇನ್ನೂ ಹೆಸರಾದದ್ದು. ಮೂಕಿ ರಥವೇ, ಅಚ್ಚು ರಥವೇ, ಗಾಲಿ ರಥವೇ ಎಂದು ನಾಗಸೇನ ಒಂದೊಂದಾಗಿ ಕೇಳುತ್ತಾನೆ. ಯಾವುದೂ ಅಲ್ಲ, ಅವುಗಳಾಚೆ ಬೇರೆ ರಥವೂ ಇಲ್ಲ, ಎಲ್ಲ ಕೂಡಿದಾಗ ಬಳಸುವ ವ್ಯವಹಾರದ ಹೆಸರಷ್ಟೇ ಇದೆ ಎಂಬಲ್ಲಿಗೆ ಮಾತು ಮುಟ್ಟುತ್ತದೆ. ನ್ಯಾಯ-ವೈಶೇಷಿಕರು ಇದನ್ನು ಒಪ್ಪುವುದಿಲ್ಲ. ಅವಯವಗಳಲ್ಲಿ ನೆಲೆಸಿದ ಅವಯವಿ ನಿಜವಾದ ವಸ್ತು, ಒಂದು ಅವಯವ ಹೋದರೆ ಹಳೆಯ ಅವಯವಿ ನಾಶವಾಗಿ ಹೊಸದು ಹುಟ್ಟುತ್ತದೆ ಎನ್ನುತ್ತಾರೆ. ಆ ಲೆಕ್ಕದಲ್ಲಿ ಹಳೆಯ ಬೆಂಜ್ ಪ್ರತಿ ಸರ್ವಿಸ್‌ನಲ್ಲೂ ಹೊಸ ಕಾರು. ಮೋಟಾರು ವಾಹನ ಕಾಯಿದೆ ವ್ಯವಹಾರದ ದಾರಿ ಹಿಡಿದಿದೆ: ಲೋಹಕ್ಕೆ ಕೆತ್ತಿದ ಛಾಸಿ ನಂಬರ್ ಇರುವವರೆಗೆ ಕಾರು ಅದೇ, ಎಂಜಿನ್ ಬದಲಿಸಿದರೆ ಆರ್‌ಸಿಯಲ್ಲಿ ನಮೂದಾಗಬೇಕು. ರಿಪೇರಿ ಮಾಡಿಸುವವರಿಗೆ ಈ ವಾದ ನೇರವಾಗಿ ತಟ್ಟುವುದು ಒರಿಜಿನಲ್ ಪಾರ್ಟ್ ವಿಷಯದಲ್ಲಿ. ಗುಜರಿಯಿಂದ ತಂದ ಹಳೆಯ ಒರಿಜಿನಲ್ಲೋ, ಬೇರೆ ತಯಾರಕರ ಹೊಸ ಪಾರ್ಟೋ? ಬೆಲೆಯ ಜೊತೆಗೆ, ಕಾರಿನ ತನ್ನತನ ಎಲ್ಲಿದೆ ಎಂಬ ನಂಬಿಕೆಯೂ ಈ ಆಯ್ಕೆಯನ್ನು ನಿರ್ಧರಿಸುತ್ತದೆ. ನಾಗಸೇನನ ಪಕ್ಷ ಹಿಡಿದವರಿಗೆ ಇಲ್ಲಿ ಚಿಂತೆ ಕಡಿಮೆ: ಬ್ರೇಕ್ ಡಿಸ್ಕ್ ಬ್ರೇಕ್ ಹಿಡಿದರೆ ಸಾಕು, ಅದರ ಮೇಲಿನ ನಕ್ಷತ್ರದ ಗುರುತು ಕಾರನ್ನು ನಿಲ್ಲಿಸುವುದಿಲ್ಲ.

ಎಲ್ಲಿಯವರೆಗೆ ಖರ್ಚು ಮಾಡಬೇಕು ಎಂಬುದಕ್ಕೆ ಅತಿ ಸ್ಪಷ್ಟ ಉತ್ತರ ಜೈನರ ಗೃಹಸ್ಥಧರ್ಮದಲ್ಲಿದೆ. ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹದ, ಅಂದರೆ ಸೊತ್ತು ಹಿಡಿದಿಟ್ಟುಕೊಳ್ಳುವುದರ, ತಿರುಳು ವಸ್ತುವಿನಲ್ಲಿಲ್ಲ, ಅದರ ಮೇಲಿನ ಮೋಹದಲ್ಲಿದೆ. ಆ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ, ಕರ್ನಾಟಕದ ಜೈನ ಪರಂಪರೆ ತನ್ನವನೆಂದು ನೆನೆಯುವ ಪೂಜ್ಯಪಾದ, ಮತ್ತೆ ಮತ್ತೆ ಬಳಸುವ ಭೋಗವಸ್ತುಗಳ ಸಾಲಿನಲ್ಲಿ ಬಟ್ಟೆ, ಒಡವೆ, ಹಾಸಿಗೆ, ಮನೆಗಳ ಜೊತೆ ವಾಹನವನ್ನೂ ಸೇರಿಸುತ್ತಾನೆ. ಶ್ರಾವಕ, ಅಂದರೆ ಜೈನ ಗೃಹಸ್ಥ, ಅವನ್ನು ಪೂರ್ತಿ ಬಿಡಬೇಕಿಲ್ಲ, ಇಷ್ಟೇ ಎಂದು ಮೊದಲೇ ಮಿತಿ ಹಾಕಿಕೊಳ್ಳಬೇಕು. 'ಮೊದಲೇ' ಎಂಬುದರಲ್ಲಿ ಈ ವ್ರತದ ಬಲವಿದೆ. ಗೇರ್‌ಬಾಕ್ಸ್ ಬಿಚ್ಚಿ ನೆಲದ ಮೇಲಿಟ್ಟ ಮೇಲೆ ಹಾಕುವ ಮಿತಿ ಮಿತಿಯಾಗಿ ಉಳಿಯದು. ಆಗಲೇ ಖರ್ಚಾದ ಹಣದ ಮೋಹ ಇನ್ನಷ್ಟನ್ನು ಎಳೆಯುತ್ತದೆ. ಕೊಳ್ಳುವ ದಿನವೇ ವರ್ಷಕ್ಕೆ ಇಂತಿಷ್ಟು, ಅದನ್ನು ಮೀರಿದರೆ ಮಾರುವುದು ಅಥವಾ ಗುಜರಿಗೆ ಕೊಡುವುದು ಎಂದು ಬರೆದಿಟ್ಟವರು ಕಾರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಏಕೆಂದರೆ ಮಿತಿಯೊಳಗಿನ ಹಣ ಬೇಕಾದ ಕಡೆಗೇ ಹೋಗಬೇಕಾಗುತ್ತದೆ.

ಮಾರುವ ಹೊತ್ತಿಗೆ ಸ್ಥಾನಗಳು ಅದಲುಬದಲಾಗುತ್ತವೆ. ಸಂತತಿ ಮುಂದುವರಿಯುತ್ತದೆ, ಹೊಣೆ ಮತ್ತೊಬ್ಬರಿಗೆ ಹೋಗುತ್ತದೆ, ದೋಷ ಏನಾದರೂ ಇದ್ದರೆ ಈಗ ಮಾರುವವರಲ್ಲೇ ಉಳಿಯುತ್ತದೆ. ಕೊಳ್ಳುವಾಗ ತಮಗೆ ದೊರೆಯದ ಆಪ್ತವಾಕ್ಯವನ್ನು ಮುಂದಿನವರಿಗೆ ಕೊಡುವ ಅವಕಾಶ ಅವರಿಗೆ ಆಗ ಒದಗುತ್ತದೆ: ದಿನಾಂಕ, ಕಿಲೋಮೀಟರು, ಬದಲಿಸಿದ ಪಾರ್ಟು ನಮೂದಾದ ಬಿಲ್ಲುಗಳ ಕಡತ, ಅದರೊಂದಿಗೆ ಇನ್ನೂ ರಿಪೇರಿಯಾಗದೆ ಉಳಿದವುಗಳ ಪಟ್ಟಿ.