ಜನವಸತಿಯಿಲ್ಲದ ದ್ವೀಪದಲ್ಲಿ ಹಿಂಸೆಯ ಪ್ರಶ್ನೆ

ಜೈನ ದರ್ಶನವು ಸಂಸಾರಿ ಜೀವಗಳನ್ನು ಇಂದ್ರಿಯಗಳ ಸಂಖ್ಯೆಗನುಗುಣವಾಗಿ ವಿಂಗಡಿಸಿ, ಸ್ಪರ್ಶವೊಂದನ್ನೇ ಪಡೆದ ಗಿಡಮರಗಳನ್ನು ಏಕೇಂದ್ರಿಯಗಳೆಂದೂ ಹಕ್ಕಿ, ಇಲಿ, ಮನುಷ್ಯರನ್ನು ಪಂಚೇಂದ್ರಿಯಗಳೆಂದೂ ಕರೆಯುತ್ತದೆ. ಇಂದ್ರಿಯಗಳು ಹೆಚ್ಚಿದಂತೆ ವಧೆಯ ದೋಷವೂ ಹೆಚ್ಚುತ್ತದೆಂಬ ಆಧಾರದ ಮೇಲೆಯೇ ಶ್ರಾವಕನಿಗೆ, ಅಂದರೆ ಗೃಹಸ್ಥ ಜೈನನಿಗೆ, ಸಸ್ಯಾಹಾರ ಸಮ್ಮತವಾಗಿದೆ. ಈ ಶ್ರೇಣಿಯನ್ನು ಕಠಿಣ ಪರೀಕ್ಷೆಗೆ ಒಡ್ಡುವ ನೆಲವೊಂದು ಪೆಸಿಫಿಕ್ ಸಾಗರದಲ್ಲಿ, ಹವಾಯಿಯ ದಕ್ಷಿಣಕ್ಕೆ ಸುಮಾರು 1,600 ಕಿಲೋಮೀಟರ್ ದೂರದಲ್ಲಿದೆ.

ಖಾಯಂ ನಿವಾಸಿಗಳಿಲ್ಲದ ಆ ನೆಲದ ಹೆಸರು ಪಾಲ್ಮೈರಾ. ಅದೊಂದು ಹವಳದ್ವೀಪ, ಎಂದರೆ ಲಗೂನ್ ಎಂಬ ಒಳಗಡಲನ್ನು ಸುತ್ತುವರಿದ ಕಿರುದ್ವೀಪಗಳ ಸಾಲು. ವರ್ಷಕ್ಕೆ ನಾಲ್ಕು ಮೀಟರಿಗೂ ಮಿಕ್ಕಿ ಮಳೆ ಸುರಿದರೂ ಸಾರ ಕಡಿಮೆಯಿರುವ ಅಲ್ಲಿನ ಹವಳದ ಮರಳಿನಲ್ಲಿ, ಪಿಸೋನಿಯ ಗ್ರ್ಯಾಂಡಿಸ್ ಎಂಬ ಮೆದು ಕಾಂಡದ ದೊಡ್ಡ ಮರಕ್ಕೆ ಅದರ ಕೊಂಬೆಗಳಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳ ಹಿಕ್ಕೆಯೇ ಗೊಬ್ಬರ. ಹಕ್ಕಿಯಿಂದ ಬದುಕುವ ಈ ಮರವೇ ಹಕ್ಕಿಯನ್ನು ಕೊಲ್ಲುವುದೂ ಉಂಟು: ಅಂಟು ಸೂಸುವ ಅದರ ಕಾಯಿಗಳು ಗರಿಗೆ ಮೆತ್ತಿಕೊಂಡು ದೂರದ ದ್ವೀಪಗಳಿಗೆ ಸಾಗುತ್ತವೆ, ಗೊಂಚಲುಗಟ್ಟಲೆ ಮೆತ್ತಿಕೊಂಡಾಗ ಹಕ್ಕಿ ರೆಕ್ಕೆ ಬಿಚ್ಚಲಾಗದೆ ಮರದ ಬುಡದಲ್ಲಿ ಸಾಯುತ್ತದೆ. ಪ್ರಮಾದದಿಂದ, ಅಂದರೆ ರಾಗದ್ವೇಷಗಳಿಗೆ ವಶವಾದ ಎಚ್ಚರಗೇಡಿತನದಿಂದ, ಪ್ರಾಣ ಕಳೆಯುವುದನ್ನು ಜೈನ ಗ್ರಂಥವಾದ ತತ್ತ್ವಾರ್ಥಸೂತ್ರವು ಹಿಂಸೆ ಎನ್ನುತ್ತದೆ. ಅಸಂಜ್ಞಿಯಾದ, ಎಂದರೆ ವಿವೇಚಿಸುವ ಮನಸ್ಸಿಲ್ಲದ, ಮರದ ಮೇಲೆ ಮನುಷ್ಯನಿಗೆ ಹೊರಿಸುವಷ್ಟು ಹೊಣೆಯನ್ನು ಹೊರಿಸುವುದು ನ್ಯಾಯವಾಗದು.

ಇಲಿಗಳ ವಿಷಯ ಬೇರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯೊಂದಿಗೆ ಬಂದಿಳಿದ ಕಪ್ಪಿಲಿಗಳು ಹಕ್ಕಿಗಳ ಮೊಟ್ಟೆಮರಿಗಳನ್ನೂ ಮರಗಳ ಬೀಜಗಳನ್ನೂ ಎಳೆಯ ಸಸಿಗಳನ್ನೂ ತಿಂದವು. 2011ರಲ್ಲಿ ವಿಷದ ಗುಳಿಗೆ ಚೆಲ್ಲಿ ಅವುಗಳನ್ನು ನಿರ್ಮೂಲ ಮಾಡಿದ ಮೇಲೆ ಪಿಸೋನಿಯದ ಸಸಿಗಳು ಮತ್ತೆ ದಟ್ಟವಾಗಿ ಎದ್ದವು. ಆ ವಿಷವು ರಕ್ತವನ್ನು ಹೆಪ್ಪುಗಟ್ಟಗೊಡದು. ಅದನ್ನು ತಿಂದ ಇಲಿ ಕೆಲವು ದಿನ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ.

ಶ್ರೇಣಿಯ ಲೆಕ್ಕವನ್ನಷ್ಟೇ ಹಿಡಿದರೆ ಸಸಿಗಾಗಿ ಇಲಿಯನ್ನು ಕೊಂದದ್ದು ತಪ್ಪು. ಆದರೆ ಮರವನ್ನೇ ಆಶ್ರಯಿಸಿದ ಹಕ್ಕಿಯೂ ಪಂಚೇಂದ್ರಿಯವೇ ಆದುದರಿಂದ, ಮತ್ತು ಜೀವಗಳು ಪರಸ್ಪರ ಉಪಕಾರಕಗಳೆಂದು ತತ್ತ್ವಾರ್ಥಸೂತ್ರವೇ ಒಪ್ಪುವುದರಿಂದ, ಒಂದೊಂದು ಜೀವವನ್ನೂ ಬಿಡಿಯಾಗಿ ತೂಗುವ ಲೆಕ್ಕ ಇಲ್ಲಿ ಸಾಲದು. ಹಾಗೆಂದು ಆ ಕೊಲೆಯನ್ನು ಸೇವೆಯೆಂದು ಕರೆಯುವುದೂ ಸಲ್ಲದು. ತಿಳಿದೂ ತಿಳಿದೂ ಮಾಡಿದ್ದರಿಂದ ಅದು ಸಂಕಲ್ಪಿ ಹಿಂಸೆಯೇ ಹೌದು, ಸಸಿಗಳು ಎಷ್ಟೇ ಎದ್ದರೂ ಆ ಹೆಸರು ಬದಲಾಗುವುದಿಲ್ಲ. ಅದು ಅನಿವಾರ್ಯವಾಯಿತೆಂದು ಒಪ್ಪಿದರೂ ಅನಿವಾರ್ಯವಾಗಿಸಿದ್ದು ಇಲಿಗಳನ್ನು ತಂದಿಳಿಸಿದ ಮನುಷ್ಯನ ಪ್ರಮಾದ. ಆದ್ದರಿಂದ ಪ್ರತಿಕ್ರಮಣದಲ್ಲಿ, ಅಂದರೆ ಮಾಡಿದ ದೋಷಗಳನ್ನು ನೆನೆದು ಸಕಲ ಜೀವಗಳ ಕ್ಷಮೆ ಬೇಡುವ ಜೈನ ವಿಧಿಯಲ್ಲಿ, ಹಕ್ಕಿ ಮತ್ತು ಮರಗಳ ಜೊತೆಗೆ ಆ ಇಲಿಗಳಿಗೂ ಸ್ಥಾನವಿರಬೇಕು.