ಸೊಳ್ಳೆ ಮತ್ತು ಸಹನೆ

ಸೊಳ್ಳೆಯನ್ನು ಕೊಲ್ಲುವುದು ಪಾಪವೇ ಎಂದು ಕೇಳಿದರೆ ಓದುಗರು ನಕ್ಕಾರು. ಕೈಮೇಲೆ ಕುಳಿತ ಸೊಳ್ಳೆಯ ವಿಷಯದಲ್ಲಿ ಪ್ರಶ್ನೆ ಏಳುವ ಮೊದಲೇ ಇನ್ನೊಂದು ಕೈ ತೀರ್ಪು ಕೊಟ್ಟಿರುತ್ತದೆ. ಆದರೂ ವಿಜಯನಗರದ ನಮ್ಮ ಮನೆಯಲ್ಲಿ ಈ ವ್ಯಾಜ್ಯ ಬಹಳ ವರ್ಷಗಳಿಂದ ನಡೆದುಬಂದಿದೆ. ನನ್ನ ತಾಯಿ ಸೊಳ್ಳೆಯನ್ನು ಕೊಲ್ಲುವವರಲ್ಲ. ಸಂಜೆಯಾದರೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತಾರೆ. ಅದಕ್ಕೂ ಜಗ್ಗದಿದ್ದರೆ ಸೆರಗು ಹೊದ್ದು ಕುಳಿತುಬಿಡುತ್ತಾರೆ. "ಅದಕ್ಕೂ ಹೊಟ್ಟೆಯಿದೆಯಲ್ಲಪ್ಪ" ಎಂಬುದು ಅವರ ವಾದ. ವಾಸ್ತವವಾಗಿ ಅದು ಹೊಟ್ಟೆಯ ಪಾಡೂ ಅಲ್ಲ. ಹೊಟ್ಟೆಗೆ ಹೂವಿನ ಮಕರಂದ ಸಾಕು. ಕಚ್ಚುವುದು ಹೆಣ್ಣು ಮಾತ್ರ. ಮೊಟ್ಟೆ ಕಟ್ಟಲು ರಕ್ತದ ಸತ್ವ ಬೇಕೆಂದು. ಇದನ್ನು ಅಮ್ಮನಿಗೆ ಹೇಳಿದ ಮೇಲೆ ಅವರ ಪಕ್ಷ ಇನ್ನಷ್ಟು ಬಲವಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಈ ಪ್ರಶ್ನೆಯನ್ನು ನಕ್ಕು ಬಿಡದವರು ಜೈನರು. ಇಂದ್ರಿಯಗಳ ಲೆಕ್ಕದಲ್ಲಿ ಜೀವಗಳನ್ನು ವಿಂಗಡಿಸುವಾಗ ಅವರು ಸೊಳ್ಳೆಯನ್ನು ನಾಲ್ಕು ಇಂದ್ರಿಯಗಳ ಜೀವಿಗಳ ಸಾಲಿಗೆ ಸೇರಿಸಿದರು. ಮುನಿಯಾದವನು ಸಹಿಸಬೇಕಾದ 22 ಪರೀಷಹಗಳಲ್ಲಿ ದಂಶಮಶಕವೆಂಬುದೂ ಒಂದು. ಬರಿಮೈಯಲ್ಲಿ ಕುಳಿತು ಸೊಳ್ಳೆಯ ಕಡಿತವನ್ನು ಕದಲದೆ ತಾಳಿಕೊಂಡವನ ಮುಂದೆ ನನ್ನಂಥ ಪರದೆಯೊಳಗಿನ ಪಂಡಿತ ತಲೆಬಾಗಲೇಬೇಕು.

ಸಹನೆಯ ಇನ್ನೊಂದು ಮಾದರಿಯನ್ನೂ ಇದೇ ಬೆಂಗಳೂರು ಕಂಡಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯ ಇಲ್ಲಿಯ ದಂಡಿಗೆ ಬಂದ. ತನ್ನ ಬಂಗಲೆಯಲ್ಲಿಯೇ ಸೊಳ್ಳೆ ಏಕೆ ಹೆಚ್ಚೆಂದು ನೋಡಿದರೆ, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಮಗುಚಿದ, ಸೊಳ್ಳೆ ಇಳಿಯಿತು. ಉಳಿದ ಕಡೆಯೂ ಹಾಗೆಯೇ ಮಾಡೋಣವೆಂದು ಅಡ್ಜುಟೆಂಟನಿಗೆ ಹೇಳಿದರೆ ಆತ ಒಪ್ಪಲಿಲ್ಲ. ಸೃಷ್ಟಿಯ ಕ್ರಮವನ್ನು ಕೆಡಿಸಬಾರದು, ಸೊಳ್ಳೆ ಏನೋ ಉದ್ದೇಶಕ್ಕೆ ಹುಟ್ಟಿದೆ, ಸಹಿಸುವುದೇ ನಮ್ಮ ಕರ್ತವ್ಯ ಎಂಬುದು ಆತನ ನಿಲುವು. ರಾಸ್ ತನ್ನ ಆತ್ಮಕಥೆಯಲ್ಲಿ ಇದನ್ನು ಬರೆದಿದ್ದಾನೆ. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ಪರೋಪಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಪಾರಿತೋಷಕ ಪಡೆದವನು ಇವನೇ.

ಮುನಿಯೂ ಸಹಿಸೆಂದ, ಅಡ್ಜುಟೆಂಟನೂ ಸಹಿಸೆಂದ. ಮಾತು ಒಂದೇ. ಆದರೆ ಮುನಿ ಒಡ್ಡಿದ್ದು ತನ್ನ ಮೈಯನ್ನು. ಅಡ್ಜುಟೆಂಟ್ ಒಡ್ಡಿದ್ದು ಇಡೀ ದಂಡಿನ ಮೈಯನ್ನು. ಇನ್ನೊಬ್ಬರ ರಕ್ತದಲ್ಲಿ ನೋಂಪಿ ನೋಂತರೆ ಅದು ಸಹನೆಯಾಗುವುದೇ?

ಹೀಗೆ ಬರೆಯುವ ಅಧಿಕಾರ ನನಗೂ ಅಷ್ಟಿಲ್ಲ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ; ಹಿತ್ತಿಲಲ್ಲಿ ಒಂದು ನೀಲಿ ಡ್ರಮ್ಮು ಸದಾ ತುಂಬಿರುತ್ತದೆ. ಸೊಳ್ಳೆಯ ತವರು ಜೌಗು, ಚರಂಡಿ, ಹೆಚ್ಚೆಂದರೆ ಮೈಸೂರು ರಸ್ತೆಯ ಪಕ್ಕದ ವೃಷಭಾವತಿ ಎಂದು ಬೈದುಕೊಂಡು ನಾನು ನೆಮ್ಮದಿಯಾಗಿದ್ದೆ. ಕೊಳಕು ನೀರಿನದು ಕ್ಯೂಲೆಕ್ಸ್. ಡೆಂಗಿ ಹರಡುವ ಈಡಿಸ್ ಬಯಸುವುದು ಮನೆಯ ತಿಳಿನೀರನ್ನು. ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಡೆಂಗಿಯಿಂದ ಆರು ದಿನ ಆಸ್ಪತ್ರೆಯಲ್ಲಿ ಮಲಗಿದ. ಆರೋಗ್ಯ ಇಲಾಖೆಯ ಹೆಣ್ಣುಮಗಳೊಬ್ಬಳು ಬಂದು ನಮ್ಮ ಡ್ರಮ್ಮಿನೊಳಗೆ ಟಾರ್ಚು ಬಿಟ್ಟಳು. ಮರಿಗಳು ಬೆಳಕಿಗೆ ಬೆದರಿ ತಳಕ್ಕಿಳಿದವು. ಇಂಥ ಮನೆಗೆ ನಗರದಲ್ಲಿ 400 ರೂಪಾಯಿ ದಂಡವೆಂದು ಸರ್ಕಾರ 2024ರಲ್ಲಿ ಗೊತ್ತುಮಾಡಿದ್ದುಂಟು. ಆಕೆ ಅದರ ಮಾತೆತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಆ ಹುಡುಗನನ್ನು ಕಚ್ಚಿದ್ದು ನಮ್ಮ ಮನೆಯ ಸೊಳ್ಳೆಯೇ ಎಂದು ಯಾರೂ ಹೇಳಲಾರರು; ಅಲ್ಲವೆಂದು ನಾನೂ ಹೇಳಲಾರೆ.

ಡ್ರಮ್ಮು ಮಗುಚುವುದು ಹಿಂಸೆಯಲ್ಲವೆಂದು ವಾದಿಸುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಕೈಯಿಂದ ಒಂದನ್ನು ಹೊಡೆದರೆ ರಕ್ತದ ಕಲೆಯಾದರೂ ಕಾಣುತ್ತದೆ. ಡ್ರಮ್ಮಿನಲ್ಲಿ ನೂರಾರು ಸಾಯುತ್ತವೆ, ಕಲೆಯಿಲ್ಲ. ಹಿಂಸೆಯೇ ಅದು. ಮಾಡಬೇಕಾದ ಹಿಂಸೆ.

ಅಮ್ಮ ಆ ದಿನ ಏನೂ ಆಡಲಿಲ್ಲ. ಮರುದಿನ ನಾನು ಏಳುವಷ್ಟರಲ್ಲಿ ಡ್ರಮ್ಮು ಬಿಸಿಲಿನಲ್ಲಿ ಬೋರಲಾಗಿತ್ತು. ನೀರನ್ನು ತೋಡಿ ಗಿಡದ ಬುಡದ ಒಣಮಣ್ಣಿಗೆ ಸುರಿದಿದ್ದರು. ಈಡಿಸಿನ ಮೊಟ್ಟೆ ಗೋಡೆಗಂಟಿ ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆಂದು ಆ ಹೆಣ್ಣುಮಗಳು ಹೇಳಿದ್ದನ್ನು ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಒಳಗನ್ನೆಲ್ಲ ತೆಂಗಿನ ನಾರಿನಿಂದ ಉಜ್ಜಿದ್ದರು. ಸಂಜೆ ಎಂದಿನಂತೆ ಬೇವಿನ ಹೊಗೆ ಹಾಕಿದರು. ರಾತ್ರಿ ತಟ್ಟೆ ಹಾಕಿದಾಗ, ಇವತ್ತು ನನಗೆ ಊಟ ಬೇಡ ಎಂದರು.